ಎಲ್ಲರ ಮಡಿಲಿಗೂ ಏರುವ ಮಗು

ಕ್ರಿಸ್ಮಸ್ ಹಬ್ಬ ಸಮೀಪಿಸುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಯುವಜನರೂ ಸ್ತ್ರೀ ಸಂಘಟನೆಯ ಸದಸ್ಯೆಯರೂ ಅನಾಥಾಲಯಗಳಿಗೆ ಭೇಟಿ ನೀಡುವ ಪರಿಪಾಠ ಬಹುಕಾಲದಿಂದ ನಡೆದುಬಂದಿದೆ. ಕುಸ್ವಾರಿನ ತಟ್ಟೆ, ಹೊಸ ಉಡುಪು, ಆಟಿಕೆಗಳೊಂದಿಗೆ ಹೋದವರು ಇನ್ನೂ ಜಗಲಿ ಏರುವ ಮುನ್ನವೇ ಎರಡು ವರ್ಷದ ಕೂಸೊಂದು ಓಡಿಬಂದು, ಹಿಂದೆಂದೂ ಕಂಡಿರದ ವ್ಯಕ್ತಿಯ ಕಾಲುಗಳನ್ನು ಅಪ್ಪಿಕೊಳ್ಳುತ್ತದೆ. ಎತ್ತಿಕೊಂಡರೆ ಹೆಗಲಿಗೆ ಒರಗುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಬೇರೊಬ್ಬರ ಮಡಿಲಿಗೆ ಅಷ್ಟೇ ಸಲೀಸಾಗಿ ಜಾರಿಕೊಳ್ಳುತ್ತದೆ. ‘ಎಂತಹ ಪ್ರೀತಿಯ ಮಗು! ಯಾರನ್ನು ಕಂಡರೂ ಹೆದರಿಕೆಯೇ ಇಲ್ಲ!’ ಎಂದು ಮೆಚ್ಚಿಕೊಂಡು ಎಲ್ಲರೂ ಮರಳುತ್ತಾರೆ. ಈ ಮೆಚ್ಚುಗೆಯ ಮಾತನ್ನು ನಾವೂ ಹಲವು ಬಾರಿ ಆಡಿದ್ದೇವೆ.

ಆದರೆ ಶಿಶುಗಳ ಮನಸ್ಸನ್ನು ಅಧ್ಯಯನ ಮಾಡಿದವರು ಅದೇ ದೃಶ್ಯವನ್ನು ಕಂಡು ಹಿಗ್ಗುವುದಿಲ್ಲ, ಕಳವಳಗೊಳ್ಳುತ್ತಾರೆ. ಮನೆಯಲ್ಲಿ ಬೆಳೆಯುವ ಅದೇ ವಯಸ್ಸಿನ ಮಗು ಅಪರಿಚಿತರನ್ನು ಕಂಡೊಡನೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅಜ್ಜಿಯ ಕತ್ತನ್ನು ಬಿಗಿಯಾಗಿ ಹಿಡಿದು, ಓರೆಗಣ್ಣಿನಿಂದ ಬಂದವರನ್ನು ಅಳೆಯುತ್ತದೆ. ಅಡಗಲು ಒಂದು ಸೆರಗಿದೆ ಎಂಬುದನ್ನು ಆ ಮಗು ಬಲ್ಲದು. ಎಲ್ಲರ ಮಡಿಲಿಗೂ ಏರುವ ಮಗುವಿಗೆ ತನ್ನದೆಂಬ ಮಡಿಲು ಇಲ್ಲದಿರಬಹುದು. ನಾವು ಪ್ರೀತಿಯ ಸಮೃದ್ಧಿ ಎಂದು ಭಾವಿಸಿದ್ದು ಅನೇಕ ವೇಳೆ ಪ್ರೀತಿಯ ಬರಗಾಲದ ಲಕ್ಷಣವಾಗಿರುತ್ತದೆ. ಮಕ್ಕಳ ಪಾಲನೆ, ದತ್ತು, ಹೆರಿಗೆ ರಜೆ ಮುಂತಾದ ವಿಷಯಗಳು ಶಾಸನಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಚರ್ಚೆಗೆ ಒಳಗಾಗಿರುವ ಈ ದಿನಗಳಲ್ಲಿ, ಶಿಶುವಿನ ನಂಟಿನ ಬಗೆಗೆ ವಿಜ್ಞಾನ ಏನನ್ನು ಕಂಡುಕೊಂಡಿದೆ, ಅದು ನಮ್ಮ ಸಮುದಾಯವನ್ನು ಏನು ಕೇಳುತ್ತದೆ ಎಂಬುದನ್ನು ಶಾಂತಚಿತ್ತದಿಂದ ಪರಾಮರ್ಶಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಆಸ್ಪತ್ರೆಯ ಮಂಚದಿಂದ ಆರಂಭ

ಮನಶ್ಶಾಸ್ತ್ರಜ್ಞರು ‘ಅಟ್ಯಾಚ್‌ಮೆಂಟ್’ ಎಂದು ಕರೆಯುವುದನ್ನು ನಾವು ಇಲ್ಲಿ ‘ನಂಟು’ ಎನ್ನೋಣ. ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ಎರಡನೆಯ ಮಹಾಯುದ್ಧದ ಬಳಿಕ ಯೂರೋಪಿನಲ್ಲಿ ಮನೆಮಠ ಕಳೆದುಕೊಂಡ ಮಕ್ಕಳ ಸ್ಥಿತಿಯನ್ನು ಪರಿಶೀಲಿಸಲು ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಕೇಳಿಕೊಂಡಿತು. 1951ರಲ್ಲಿ ಅವರ ವರದಿ ಪ್ರಕಟವಾಯಿತು. ಅನ್ನ, ಔಷಧ, ಸ್ವಚ್ಛತೆಗಳಷ್ಟೇ ಶಿಶುವಿಗೆ ಸಾಲವು. ತಾಯಿ ಅಥವಾ ತಾಯಿಯ ಸ್ಥಾನದಲ್ಲಿ ನಿಂತ ಒಬ್ಬರೊಂದಿಗೆ ಕಡಿದುಹೋಗದ ಆತ್ಮೀಯ ಸಂಬಂಧ ಅದಕ್ಕೆ ಅತ್ಯಗತ್ಯ ಎಂಬುದು ಅದರ ಸಾರಾಂಶ.

ಅಂದಿನ ಅನೇಕ ವೈದ್ಯರಿಗೆ ಇದು ಭಾವುಕತೆಯಾಗಿ ಕಂಡಿತು. ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಂದೆತಾಯಿಗಳಿಗೆ ದೊರೆಯುತ್ತಿದ್ದ ಅವಕಾಶ ಬಹಳ ಕಡಿಮೆ. ತಾಯಿ ಬಂದಾಗ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ. ಆದುದರಿಂದ ಬಾರದಿರುವುದೇ ಲೇಸು ಎಂಬುದು ತರ್ಕ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರವೊಂದನ್ನು ನಿರ್ಮಿಸಿ ಈ ತರ್ಕದ ಟೊಳ್ಳುತನವನ್ನು ತೋರಿಸಿದರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ, ಇನ್ನೂ ಎರಡೂವರೆ ವರ್ಷ ತುಂಬದ ಬಾಲಕಿಯೊಬ್ಬಳ ಚಿತ್ರಣ ಅದು. ತಾಯಿಯಿಂದ ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಅನಂತರ ಹತಾಶೆಗೊಳ್ಳುತ್ತದೆ, ಅಗಲಿಕೆ ದೀರ್ಘವಾದರೆ ಕೊನೆಗೆ ವಿಮುಖವಾಗುತ್ತದೆ ಎಂಬ ಮೂರು ಹಂತಗಳನ್ನು ರಾಬರ್ಟ್‌ಸನ್ ಗುರುತಿಸಿದರು. ದಾದಿಯರು ‘ಹೊಂದಿಕೊಂಡಿದೆ’ ಎಂದು ಸಮಾಧಾನ ಪಡುತ್ತಿದ್ದ ಮಗು ವಾಸ್ತವವಾಗಿ ಆಸೆಯನ್ನೇ ಕೈಬಿಟ್ಟ ಮಗುವಾಗಿತ್ತು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದು ಮಕ್ಕಳ ವಾರ್ಡುಗಳಿಗೆ ತಂದೆತಾಯಿಗಳ ಭೇಟಿಯ ಮೇಲಿದ್ದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು.

ಅಗಲಿಕೆಯಲ್ಲಲ್ಲ, ಮರುಭೇಟಿಯಲ್ಲಿ

ನಂಟನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮೇರಿ ಐನ್ಸ್‌ವರ್ತ್ ಎಂಬ ವಿದುಷಿ. ಅವರ ಮೊದಲ ಅವಲೋಕನ ನಡೆದದ್ದು ಪ್ರಯೋಗಾಲಯದಲ್ಲಲ್ಲ. 1954-55ರಲ್ಲಿ ಆಫ್ರಿಕಾದ ಉಗಾಂಡದ ಹಳ್ಳಿಮನೆಗಳಲ್ಲಿ. ಅಲ್ಲಿ 26 ಕುಟುಂಬಗಳ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ತಾಯಂದಿರೊಂದಿಗೆ ಕುಳಿತು, ಶಿಶುಗಳ ನಡವಳಿಕೆಯನ್ನು ಅವರು ಬರೆದಿಟ್ಟರು. ಮುಂದೆ ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿಯೂ ಇದೇ ರೀತಿಯ ದೀರ್ಘ ಅವಲೋಕನ ನಡೆಸಿ, ಅದರ ಜೊತೆಗೆ ಚಿಕ್ಕದೊಂದು ಪರೀಕ್ಷೆಯನ್ನು ರೂಪಿಸಿದರು. ಇದಕ್ಕೆ ‘ಅಪರಿಚಿತ ಸನ್ನಿವೇಶ’ ಎಂದು ಹೆಸರು. ಒಂದು ವರ್ಷ ತುಂಬಿದ ಮಗುವನ್ನು ತಾಯಿಯೊಂದಿಗೆ ಆಟಿಕೆಗಳಿರುವ ಹೊಸ ಕೋಣೆಗೆ ಕರೆತರುತ್ತಾರೆ. ಅಪರಿಚಿತ ಮಹಿಳೆಯೊಬ್ಬಳು ಒಳಬರುತ್ತಾಳೆ. ತಾಯಿ ಕೆಲವು ನಿಮಿಷ ಹೊರಗೆ ಹೋಗಿ ಮರಳುತ್ತಾಳೆ. ಮತ್ತೊಮ್ಮೆ ಹೋಗಿ ಮರಳುತ್ತಾಳೆ. ಒಟ್ಟು ಎಂಟು ಚಿಕ್ಕ ಘಟ್ಟಗಳು; ಎಲ್ಲವೂ ಸೇರಿ ಅರ್ಧ ಗಂಟೆಯೂ ಹಿಡಿಯದು.

ಇಲ್ಲಿನ ಸೂಕ್ಷ್ಮವನ್ನು ಗಮನಿಸಬೇಕು. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದು ಮುಖ್ಯ ಅಳತೆಯಲ್ಲ. ಅವಳು ಮರಳಿದಾಗ ಏನು ಮಾಡಿತು ಎಂಬುದು ಮುಖ್ಯ. ನಂಟು ಭದ್ರವಾಗಿರುವ ಮಗು ಅತ್ತಿದ್ದರೂ ತಾಯಿಯ ಬಳಿಗೆ ಹೋಗಿ, ಸಾಂತ್ವನ ಪಡೆದು, ಮತ್ತೆ ಆಟಕ್ಕೆ ಮರಳುತ್ತದೆ. ಇನ್ನು ಕೆಲವು ಮಕ್ಕಳು ತಾಯಿ ಬಂದರೂ ಮುಖ ತಿರುಗಿಸುತ್ತವೆ. ಮತ್ತೆ ಕೆಲವು ಅಪ್ಪಿಕೊಂಡೂ ಒದೆಯುತ್ತವೆ, ಸಮಾಧಾನವೇ ಆಗುವುದಿಲ್ಲ. ಮುಖ ತಿರುಗಿಸುವ ಮಗು ಗಟ್ಟಿ ಮನಸ್ಸಿನದೆಂದು ನಮಗೆ ತೋರಬಹುದು. ಆದರೆ 1977ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂತಹ ಮಕ್ಕಳ ಹೃದಯಬಡಿತವನ್ನು ಅಳೆದು ನೋಡಿದಾಗ, ಹೊರಗೆ ಶಾಂತವಾಗಿ ಕಂಡರೂ ಒಳಗೆ ಅವುಗಳ ಎದೆ ವೇಗವಾಗಿ ಬಡಿಯುತ್ತಿದ್ದುದು ತಿಳಿದುಬಂತು. ಕೇಳಿದರೆ ಸಿಗದು ಎಂದು ಕಲಿತ ಮಗು ಕೇಳುವುದನ್ನು ಬಿಟ್ಟಿರುತ್ತದೆ, ಅಷ್ಟೆ.

ಹಳೆಯ ಒಡಂಬಡಿಕೆಯಲ್ಲಿ ಸೊಲೊಮೋನ ಅರಸನ ಮುಂದೆ ಒಂದು ಕೂಸಿಗಾಗಿ ಇಬ್ಬರು ಸ್ತ್ರೀಯರು ಜಗಳವಾಡಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಅರಸನು ಅಗಲಿಕೆಯ ಭಯವನ್ನು ಮುಂದಿಟ್ಟು ತಾಯಿ ಯಾರೆಂದು ಕಂಡುಹಿಡಿದನು. ಅಂದು ಪರೀಕ್ಷೆಗೆ ಒಳಗಾದವರು ದೊಡ್ಡವರು. ಐನ್ಸ್‌ವರ್ತ್ ಅದೇ ಪ್ರಶ್ನೆಯನ್ನು ಕೂಸಿಗೆ ಕೇಳಿದರು: ನಿನ್ನವರು ಯಾರು? ಮಾತು ಬಾರದ ಕೂಸು ತನ್ನ ಹೆಜ್ಜೆಗಳಿಂದ ಉತ್ತರ ಹೇಳಿತು.

ಈ ಅಧ್ಯಯನಗಳು ತಾಯಂದಿರ ಮೇಲೆ ದೋಷ ಹೊರಿಸಲು ಆಯುಧವಾಗಬಾರದು. ಮಗುವಿನ ಕರೆಯನ್ನು ಅರಿತು, ತಕ್ಕ ಸಮಯದಲ್ಲಿ ಸ್ಪಂದಿಸುವ ಗುಣವೇ ಭದ್ರವಾದ ನಂಟಿಗೆ ಆಧಾರವೆಂದು ಐನ್ಸ್‌ವರ್ತ್ ಕಂಡರು. 1991ರಲ್ಲಿ ಅಮೆರಿಕೆಯಲ್ಲಿ ಆರಂಭವಾಗಿ, 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನವು, ಮಗುವನ್ನು ಹಗಲುಹೊತ್ತು ಶಿಶುವಿಹಾರದಲ್ಲಿ ಬಿಟ್ಟ ಮಾತ್ರಕ್ಕೆ ತಾಯಿಯೊಂದಿಗಿನ ನಂಟು ಸಡಿಲವಾಗುವುದಿಲ್ಲವೆಂದು ಕಂಡುಕೊಂಡಿತು. ಎಂಟು ದೇಶಗಳ ಸುಮಾರು 2,000 ಶಿಶುಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ 1988ರ ವಿಶ್ಲೇಷಣೆಯಲ್ಲಿ ಎಲ್ಲೆಡೆಯೂ ಭದ್ರ ನಂಟಿನ ಮಕ್ಕಳೇ ಹೆಚ್ಚಿನ ಸಂಖ್ಯೆಯಲ್ಲಿದ್ದರು. ದೇಶದೇಶಗಳ ನಡುವಣ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ದೊಡ್ಡದಾಗಿತ್ತು. ದುಬೈಯಲ್ಲಿಯೋ ಕುವೈತಿನಲ್ಲಿಯೋ ದಾದಿಯಾಗಿ ದುಡಿಯುವ ತಾಯಿ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟಿರುವ ಕೂಸು ನಂಟಿಲ್ಲದ ಕೂಸಲ್ಲ. ಅದಕ್ಕೆ ಅಜ್ಜಿಯ ಮಡಿಲಿದೆ. ಆದರೆ ಮೂರು ವರ್ಷದ ಬಳಿಕ ತಾಯಿ ಬಂದು ಏಕಾಏಕಿ ಕರೆದೊಯ್ಯುವಾಗ ಮಗುವಿನಿಂದ ಕಿತ್ತುಕೊಳ್ಳುತ್ತಿರುವುದೇನು ಎಂಬುದನ್ನು ಹಿರಿಯರು ಅರಿತಿರಬೇಕು.

ಬುಕಾರೆಸ್ಟಿನ ಪಾಠ

ನಂಟೇ ದೊರೆಯದಿದ್ದರೆ ಏನಾಗುತ್ತದೆ? ರುಮೇನಿಯಾ ದೇಶದ ಇತಿಹಾಸ ಇದಕ್ಕೆ ದುಃಖಕರವಾದ ಉತ್ತರ ಕೊಟ್ಟಿದೆ. 1966ರಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕ ಚೌಷೆಸ್ಕು ಹೊರಡಿಸಿದ ಆಜ್ಞೆಯೊಂದು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಗರ್ಭಪಾತದ ಬಗೆಗೆ ಧರ್ಮಸಭೆಯ ನಿಲುವು ಸ್ಪಷ್ಟ. ಅದನ್ನು ಇಲ್ಲಿ ಪುನರುಚ್ಚರಿಸಬೇಕಾಗಿಲ್ಲ. ಆದರೆ ಚೌಷೆಸ್ಕು ಆ ಆಜ್ಞೆಯನ್ನು ಹೊರಡಿಸಿದ್ದು ಜೀವದ ಮೇಲಿನ ಗೌರವದಿಂದಲ್ಲ. ರಾಷ್ಟ್ರದ ಜನಸಂಖ್ಯೆಯನ್ನೂ ದುಡಿಮೆಯ ಬಲವನ್ನೂ ಹೆಚ್ಚಿಸುವ ಲೆಕ್ಕಾಚಾರದಿಂದ. ಹುಟ್ಟಿದ ಮಕ್ಕಳನ್ನು ಸಾಕಲಾಗದ ಬಡ ಕುಟುಂಬಗಳು ಅವರನ್ನು ಸರ್ಕಾರಿ ಅನಾಥಾಲಯಗಳಿಗೆ ಒಪ್ಪಿಸಿದವು. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಉರುಳಿದಾಗ, ಅಂತಹ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದುದನ್ನು ಜಗತ್ತು ಕಂಡಿತು. ಜನ್ಮಕ್ಕೆ ಕಾನೂನಿನ ರಕ್ಷಣೆ ಕೊಟ್ಟು, ಜನಿಸಿದ ಬಳಿಕ ಮಡಿಲು ಕೊಡದ ವ್ಯವಸ್ಥೆಯನ್ನು ಜೀವಪರವೆಂದು ಕರೆಯಲಾದೀತೇ? ಜೀವದ ಪರವಾಗಿ ಮಾತನಾಡುವ ನಮಗೆ ಈ ಪ್ರಶ್ನೆ ಮುಳ್ಳಿನಂತೆ ಚುಚ್ಚಬೇಕು.

2000ದ ದಶಕದ ಆರಂಭದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕದ ವಿಜ್ಞಾನಿಗಳು ರುಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಒಂದು ಅಧ್ಯಯನ ಕೈಗೊಂಡರು. ಸಂಸ್ಥೆಗಳಲ್ಲಿದ್ದ, ಆರು ತಿಂಗಳಿಂದ ಮೂವತ್ತೊಂದು ತಿಂಗಳ ವಯಸ್ಸಿನ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 68 ಮಕ್ಕಳನ್ನು ತರಬೇತಿ ಪಡೆದ ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಉಳಿದ 68 ಮಕ್ಕಳು ಆಗಿನ ವಾಡಿಕೆಯ ಪಾಲನೆಯಲ್ಲಿ ಮುಂದುವರಿದರು. ಮಕ್ಕಳ ಭವಿಷ್ಯವನ್ನು ಚೀಟಿಗೆ ಬಿಡುವುದು ನ್ಯಾಯವೇ ಎಂದು ನೀತಿಶಾಸ್ತ್ರ ಓದಿದ ಯಾರಿಗೂ ಅನ್ನಿಸದಿರದು. ಆ ನಗರದಲ್ಲಿ ಸಾಕುಕುಟುಂಬದ ಪದ್ಧತಿ ಅಂದು ಇರಲಿಲ್ಲವೆಂಬಷ್ಟು ವಿರಳವಾಗಿತ್ತು. ಅಧ್ಯಯನದ ಸಲುವಾಗಿ ಯಾವ ಮಗುವನ್ನೂ ಸಂಸ್ಥೆಯಲ್ಲಿ ಹಿಡಿದಿಡಬಾರದು; ಮನೆ ದೊರೆತರೆ ಅದು ಹೋಗಲು ಸ್ವತಂತ್ರ ಎಂಬ ನಿಯಮವನ್ನು ಸಂಶೋಧಕರು ಪಾಲಿಸಿದರು. ಆದರೂ ಆ ಪ್ರಶ್ನೆ ಪೂರ್ಣವಾಗಿ ಕರಗಿತೆಂದು ನಾವು ಹೇಳಲಾರೆವು. ಆ ಮಕ್ಕಳ ಋಣ ತೀರುವುದು, ಅವರಿಂದ ತಿಳಿದ ಸತ್ಯಕ್ಕೆ ನಾವು ಕಿವಿಗೊಟ್ಟಾಗ ಮಾತ್ರ.

ಆ ಸತ್ಯ ಇದು. ಮೂರೂವರೆ ವರ್ಷ ತುಂಬಿದಾಗ ಪರೀಕ್ಷಿಸಿದರೆ, ಸಾಕುಕುಟುಂಬಗಳಿಗೆ ಹೋದ ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಭದ್ರವಾದ ನಂಟನ್ನು ಬೆಳೆಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಅಂತಹವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. 2007ರಲ್ಲಿ ಪ್ರಕಟವಾದ ಫಲಿತಾಂಶವು, ಮಗು ಬೇಗ ಕುಟುಂಬ ಸೇರಿದಷ್ಟೂ, ಅದರಲ್ಲಿಯೂ ಸುಮಾರು ಎರಡು ವರ್ಷ ತುಂಬುವುದರೊಳಗೆ ಸೇರಿದರೆ, ಅದರ ಬುದ್ಧಿಯ ಬೆಳವಣಿಗೆ ಹೆಚ್ಚು ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿತು. ಅಪರಿಚಿತರ ಮಡಿಲಿಗೆ ಹಿಂಜರಿಯದೆ ಏರುವ ಸ್ವಭಾವ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಎದ್ದುಕಂಡಿತು. ಕೆಲವರಲ್ಲಿ ಅದು ಒಳ್ಳೆಯ ಮನೆ ಸೇರಿದ ಮೇಲೂ ಬಹುಕಾಲ ಉಳಿಯಿತು. ಹಸಿವು ಕಾಯಬಲ್ಲದು, ಬಟ್ಟೆ ನಾಳೆ ಹೊಲಿಸಬಹುದು, ಶಿಶುವಿನ ನಂಟಿಗೆ ಮಾತ್ರ ಕಾಲದ ಮಿತಿಯಿದೆ. ರುಮೇನಿಯಾ ಸರ್ಕಾರ 2004ರ ಕಾನೂನಿನ ಮೂಲಕ, ತೀವ್ರ ಅಂಗವಿಕಲತೆಯ ಸಂದರ್ಭ ಹೊರತು, ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇರಿಸುವುದನ್ನು ನಿಷೇಧಿಸಿತು.

ನಮ್ಮ ಕಾನೂನು, ಮಗುವಿನ ಕಾಲ

ಈ ಬೆಳಕಿನಲ್ಲಿ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬ ತತ್ತ್ವವನ್ನು ಅಂಗೀಕರಿಸಿತು. ದತ್ತಕದ ಆದೇಶ ನ್ಯಾಯಾಲಯಗಳಲ್ಲಿ ತಡವಾಗುತ್ತಿದೆಯೆಂದು 2021ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ವಹಿಸಿತು. 2024-25ರಲ್ಲಿ ದೇಶದಲ್ಲಿ 4,515 ದತ್ತಕಗಳು ನಡೆದವು. ಮಗುವಿಗಾಗಿ ಹೆಸರು ನೋಂದಾಯಿಸಿ ಕಾದಿರುವ ದಂಪತಿಗಳ ಸಂಖ್ಯೆ ಇದರ ಹಲವು ಪಟ್ಟು. ಒಂದು ಕಡೆ ಮಡಿಲುಗಳು ಕಾಯುತ್ತಿವೆ. ಇನ್ನೊಂದು ಕಡೆ ಕೂಸುಗಳು ಕಾಯುತ್ತಿವೆ. ನಡುವೆ ಕಡತಗಳಿವೆ. ವಿಚಾರಣೆ ಬೇಡವೆಂದು ನಾವು ಹೇಳುವುದಿಲ್ಲ. ಮಕ್ಕಳ ಮಾರಾಟದ ಪಿಡುಗನ್ನು ಕಂಡ ದೇಶದಲ್ಲಿ ಎಚ್ಚರ ಅಗತ್ಯ. ಆದರೆ ಕಡತಕ್ಕೆ ಆರು ತಿಂಗಳು ಅಲ್ಪಕಾಲವಾದರೆ, ಆರು ತಿಂಗಳ ಕೂಸಿಗೆ ಅದು ಇಡೀ ಆಯುಷ್ಯ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಂದ ತಿದ್ದುಪಡಿ ಹೆತ್ತ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರಗಳ ರಜೆ ಕೊಟ್ಟಿತು, ಇದು ಸ್ವಾಗತಾರ್ಹವೇ. ದತ್ತು ಪಡೆದ ತಾಯಿಗೆ 12 ವಾರಗಳು, ಅದೂ ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ ಎಂಬ ಷರತ್ತನ್ನೂ ಅದೇ ತಿದ್ದುಪಡಿ ಹಾಕಿತು. ತ್ಯಜಿಸಲ್ಪಟ್ಟ ಶಿಶುವನ್ನು ದತ್ತಕಕ್ಕೆ ಮುಕ್ತವೆಂದು ಘೋಷಿಸುವುದಕ್ಕೇ ಬಾಲನ್ಯಾಯ ಕಾಯಿದೆ ಎರಡು ತಿಂಗಳ ಅವಧಿಯನ್ನು ನಿಗದಿಪಡಿಸಿರುವಾಗ, ಮೂರು ತಿಂಗಳೊಳಗೆ ಹೊಸ ತಾಯಿಯ ಮಡಿಲು ಸೇರುವ ಮಕ್ಕಳೆಷ್ಟು? ಈ ಷರತ್ತನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದು ಸಹಜವೇ. ಹೆರಿಗೆ ರಜೆ ಎಂಬುದು ತಾಯಿಯ ದೇಹ ಚೇತರಿಸಿಕೊಳ್ಳಲು ಮಾತ್ರ ಎಂದು ಭಾವಿಸಿದವರಿಗೆ ಆ ಷರತ್ತು ಸರಿಯೆನಿಸಬಹುದು. ಅದು ಮಗುವಿನ ನಂಟು ಬೇರೂರುವ ಕಾಲ ಎಂದು ಅರಿತವರಿಗೆ, ತಡವಾಗಿ ಬಂದ ಮಗುವಿಗೇ ಹೆಚ್ಚು ದಿನ ಬೇಕೆಂಬುದು ತಿಳಿದೀತು. 2023ರಲ್ಲಿ ಕರ್ನಾಟಕ ಸರ್ಕಾರ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿತು. ಇಂತಹ ಮನೆಯ ಯೋಗ್ಯತೆಯನ್ನು ಅಳೆಯುವಾಗ ಗೋಡೆಯ ಬಣ್ಣ, ಆಟಿಕೆಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಂದು ಮಗುವನ್ನು ಎತ್ತಿಕೊಂಡ ಆಕೆ ನಾಳೆಯೂ ಅಲ್ಲಿರುತ್ತಾಳೆಯೇ?

ನಮ್ಮ ಅಂಗಳದ ಪ್ರಶ್ನೆ

ಸರ್ಕಾರದತ್ತ ಬೆರಳು ತೋರಿಸಿ ಮುಗಿಸುವುದು ಸುಲಭ. ಆದರೆ ಈ ಪ್ರಶ್ನೆ ನಮ್ಮ ಅಂಗಳಕ್ಕೂ ಬಂದಿದೆ. ಧರ್ಮಭಗಿನಿಯರ ಅನಾಥಾಲಯಗಳು ಅಸಂಖ್ಯಾತ ಜೀವಗಳನ್ನು ಉಳಿಸಿವೆ. ಮಳೆಗಾಲದ ರಾತ್ರಿಯಲ್ಲಿ ಗೇಟಿನ ಬಳಿ ದೊರೆತ ಕೂಸನ್ನು ಎದೆಗಪ್ಪಿಕೊಂಡು ಬದುಕಿಸಿದ ಸಿಸ್ಟರುಗಳ ಸೇವೆಗೆ ತಲೆಬಾಗದವನು ಕೃತಘ್ನ. ಆದರೆ ವಿಧೇಯತೆಯ ವ್ರತ ಹೊತ್ತ ಸಿಸ್ಟರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಅವರಿಗೆ ಅದು ತ್ಯಾಗ. ಅವರನ್ನೇ ನಂಬಿದ ಕೂಸಿಗೆ ಅದು ಸಾವಿನ ಮನೆ. ಆಯಾಗಳು ಪಾಳಿಯ ಮೇಲೆ ಬದಲಾಗುತ್ತಾರೆ. ಯಾರ ಪ್ರೀತಿಯೂ ಸುಳ್ಳಲ್ಲ. ಆದರೆ ಹತ್ತು ಜನರ ಪ್ರೀತಿಯನ್ನು ಕೂಡಿಸಿದರೆ ಒಬ್ಬರ ಮಡಿಲು ಆಗುವುದಿಲ್ಲ. ಮನಸ್ಸು ತಟ್ಟುವ ಇನ್ನೊಂದು ಸಂಗತಿಯೆಂದರೆ, ಇಂತಹ ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಅನೇಕರು ಅನಾಥರಲ್ಲ. ಬಡತನದಿಂದ, ವಿಧವೆಯಾದುದರಿಂದ ಅಥವಾ ಗಂಡನ ಕುಡಿತದಿಂದ ಸೋತ ತಾಯಿ ಅವರಿಗಿದ್ದಾಳೆ. ಮಗುವನ್ನು ಆಶ್ರಮದಲ್ಲಿ ಸಾಕಲು ನಾವು ಖರ್ಚು ಮಾಡುವ ಹಣವನ್ನೇ ಆ ತಾಯಿಗೆ ಕೊಟ್ಟಿದ್ದರೆ, ಮಗು ಅವಳ ಬಳಿಯೇ ಇರುತ್ತಿತ್ತಲ್ಲವೇ? ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯ 2022ರ ಮಾರ್ಗಸೂಚಿಯು ಇಂತಹ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವವನ್ನು ನಿಗದಿಪಡಿಸಿತು. ಅರ್ಜಿ ಬರೆಯಲು ಬಾರದ ತಾಯಿಗೆ ಅರ್ಜಿ ಬರೆದುಕೊಡುವುದು ನಮ್ಮ ವಿನ್ಸೆಂಟ್ ದೆ ಪಾವ್ಲ್ ಸಭೆಗಳಿಗೆ ಕಷ್ಟದ ಕೆಲಸವಲ್ಲ.

ನಮ್ಮ ವಿನಂತಿ ಮೂರು. ಮೊದಲನೆಯದು, ಅನಾಥಾಲಯ ನಡೆಸುವವರು ಪ್ರತಿಯೊಂದು ಶಿಶುವಿಗೂ ಒಬ್ಬ ನಿಶ್ಚಿತ ಪಾಲಕಿಯನ್ನು ಗೊತ್ತುಪಡಿಸಲಿ. ಅವರ ವರ್ಗಾವಣೆ ಅನಿವಾರ್ಯವಾದರೆ ಹೊಸಬರು ಮಗುವಿಗೆ ಪರಿಚಿತರಾಗುವ ತನಕ ಹಳಬರು ಉಳಿಯಲಿ. ಎರಡನೆಯದು, ಹಬ್ಬದ ದಿನ ಬಂದು ಕೂಸುಗಳನ್ನು ಕೈಯಿಂದ ಕೈಗೆ ದಾಟಿಸಿ ಫೋಟೋ ತೆಗೆಸಿಕೊಳ್ಳುವ ಪದ್ಧತಿಯನ್ನು ನಾವು ನಿಲ್ಲಿಸೋಣ. ಉಡುಗೊರೆ ಕಚೇರಿಯಲ್ಲಿ ಕೊಟ್ಟರೂ ತಲಪುತ್ತದೆ. ಮೂರನೆಯದು, ನಮ್ಮ ಕುಟುಂಬಗಳು ದತ್ತಕಕ್ಕೂ ಸಾಕುಪಾಲನೆಗೂ ಬಾಗಿಲು ತೆರೆಯಲಿ. ಸಾಕುಪಾಲನೆಯ 2024ರ ಕೇಂದ್ರ ಮಾರ್ಗಸೂಚಿಯು, ಎರಡು ವರ್ಷ ಮಗುವನ್ನು ಪೋಷಿಸಿದ ಕುಟುಂಬ ಅದನ್ನು ದತ್ತು ಪಡೆಯಲು ದಾರಿ ಮಾಡಿಕೊಟ್ಟಿತು. ಆದರೆ ನಮ್ಮಲ್ಲಿ ಸಾಕುಪಾಲನೆ ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳನ್ನು ಉದ್ದೇಶಿಸಿದ್ದು. ದತ್ತಕಕ್ಕೆ ಮುಕ್ತವಾಗದೆ ಕಾಯುವ ಎಳೆಗೂಸಿಗೆ ಯಾವ ಮಡಿಲು ಎಂಬ ಪ್ರಶ್ನೆಯನ್ನು ಧರ್ಮಸಭೆಯ ಸೇವಾಸಂಸ್ಥೆಗಳು ಸರ್ಕಾರದ ಮುಂದಿಡಬೇಕು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದಾಗ, ನಂಟುಗಳನ್ನು ಕಳಚಿಕೊಳ್ಳುವುದೇ ಆಧ್ಯಾತ್ಮಿಕ ಪಕ್ವತೆಯೆಂದು ನಾವು ತಿಳಿದಿದ್ದೆವು. ಆದರೆ ಐನ್ಸ್‌ವರ್ತ್ ಅವರ ಕೋಣೆಯಲ್ಲಿ ತಾಯಿಯನ್ನು ಬಿಟ್ಟು ಆಟಿಕೆಗಳತ್ತ ಧೈರ್ಯವಾಗಿ ತೆವಳಿದ್ದು ನಂಟು ಭದ್ರವಾಗಿದ್ದ ಮಗುವೇ. ಹಿಡಿದುಕೊಳ್ಳಲು ಎಂದೂ ಏನೂ ಸಿಗದವನಿಗೆ ಬಿಡುವುದನ್ನು ಕಲಿಸಲಾಗದು. ವಿವೇಚನೆ ಮೂಡುವ ಮುನ್ನ ಮಗು ತಂದೆತಾಯಿಗಳ ಆರೈಕೆಯಲ್ಲಿ ಒಂದು ಬಗೆಯ ಆಧ್ಯಾತ್ಮಿಕ ಗರ್ಭದೊಳಗೆ ಇರುತ್ತದೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಬೋಧಿಸಿದ್ದರು. ಒಂಬತ್ತು ತಿಂಗಳು ಕಳೆದೊಡನೆ ಗರ್ಭವಾಸ ಮುಗಿಯುವುದಿಲ್ಲ. ಅದು ಮಡಿಲಿನಲ್ಲಿ ಮುಂದುವರಿಯುತ್ತದೆ.

ಯೇಸುಸ್ವಾಮಿಯನ್ನು ಎತ್ತಿ ಆಡಿಸಿ, ಕೈಹಿಡಿದು ನಡೆಸಿ, ಕಸುಬು ಕಲಿಸಿದ ಸಂತ ಜೋಸೆಫರನ್ನು ನಾವು ಸಾಕುತಂದೆಯೆಂದೇ ಗೌರವಿಸುತ್ತೇವೆ. ಪೋಪ್ ಫ್ರಾನ್ಸಿಸ್ 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಅವರಿಗೇ ಮೀಸಲಾಗಿ ಘೋಷಿಸಿದ್ದರು. ಆ ವರ್ಷ ನಮ್ಮ ದೇವಾಲಯಗಳಲ್ಲಿ ಜೋಸೆಫರ ಪ್ರತಿಮೆಯ ಮುಂದೆ ಉರಿದ ಮೇಣದ ಬತ್ತಿಗಳಿಗೆ ಲೆಕ್ಕವಿಲ್ಲ. ಅವರಂತೆ, ತಾನು ಹೆರದ ಮಗುವಿಗೆ ತನ್ನ ಮನೆಯ ಬಾಗಿಲು ತೆರೆದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆ? ಈ ಕ್ರಿಸ್ಮಸ್‌ಗೆ ಅನಾಥಾಲಯದ ಮೆಟ್ಟಿಲೇರುವಾಗ ಕೂಸೊಂದು ಓಡಿಬಂದು ನಮ್ಮ ಕಾಲನ್ನು ಅಪ್ಪಿಕೊಂಡರೆ, ಮೆಚ್ಚುವ ಮುನ್ನ ಒಂದು ಕ್ಷಣ ನಿಲ್ಲೋಣ. ಅದು ನಮ್ಮನ್ನು ಸ್ವಾಗತಿಸುತ್ತಿಲ್ಲ, ತನ್ನವರನ್ನು ಹುಡುಕುತ್ತಿದೆ.